ಪಾರ್ಥೇನಿಯಂ ಯಾವ ಪೀರಿಯಡ್‌ಗೆ ಸೇರಿದ್ದು?

ಬೋಧನಾಭ್ಯಾಸಕ್ಕೆ ಹೆಬ್ಬಾಳದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಒಂಬತ್ತನೇ ತರಗತಿಗೆ ಕಳೆ ಸಸ್ಯಗಳ ಪಾಠ ಮಾಡಿದೆ. ಬೋಧನೋಪಕರಣಕ್ಕೆ ಹುಡುಕಾಡಬೇಕಾಗಲಿಲ್ಲ, ಹತ್ತಿರದ ಖಾಲಿ ಸೈಟುಗಳ ತುಂಬ ಪಾರ್ಥೇನಿಯಂ. ಬರಿಗೈಲಿ ಕಿತ್ತು ತಂದು ಎರಡು ದಿನ ಮಣಿಕಟ್ಟು ಕೆರೆದುಕೊಂಡೆ. (ಮಕ್ಕಳ ಕೈಲಿ ಖಂಡಿತ ಕೀಳಿಸಬೇಡಿ.)

ಬೀಜ, ಹರಡುವಿಕೆ, ಅಲರ್ಜಿ, ತಿಂದ ದನದ ಹಾಲು ಕಹಿಯಾಗುವುದು, ಎಲ್ಲ ಪಾಠ ಯೋಜನೆಯಂತೆ ನಡೆಯಿತು. ಆಗ ಒಬ್ಬ ಹುಡುಗ, "ಮಿಸ್, ಅಮೆರಿಕದ ಗಿಡ ಇಲ್ಲಿಗೆ ಹೇಗೆ ಬಂತು?" ಎಂದ. ಎಲ್ಲರೂ ಹೇಳುವಂತೆ, ಪಿಎಲ್-480 ಗೋಧಿಯ ಜೊತೆ ಬಂತು ಎಂದೆ. ಉಳಿದ ಹತ್ತು ನಿಮಿಷ ಅದೇ ಚರ್ಚೆ. ವೀಕ್ಷಣಾ ಪುಸ್ತಕದಲ್ಲಿ "ಪಾಠ ಸಮಾಜ ವಿಜ್ಞಾನದ ಕಡೆ ಸರಿದಿದೆ" ಎಂಬ ಷರಾ ಬಿತ್ತು.

ಆ ಷರಾ ಒಪ್ಪಲು ನನಗೆ ಕಷ್ಟ. ನನ್ನ ತಪ್ಪು ಬೇರೆ ಕಡೆ ಇತ್ತು. ರಾತ್ರಿ ಕೂತು ಇಸವಿಗಳನ್ನು ನೋಡಿದೆ. ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಪಿಎಲ್-480ರ ಅಡಿ ಭಾರತ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಒಪ್ಪಂದಕ್ಕೆ ಮುಂಚೆಯೇ ಗಿಡ ಬಂದಿದೆ! ಹಾಗಂತ ಧಾನ್ಯದ ಹಡಗನ್ನು ಪೂರ್ತಿ ಬಿಡುವಂತೆಯೂ ಇಲ್ಲ. 1951ರಲ್ಲೇ ಅಮೆರಿಕ ಸಾಲವಾಗಿ ಗೋಧಿ ಕೊಟ್ಟಿತ್ತು. ಒಂದೊಂದು ಗಿಡ ಸಾವಿರಾರು ಸಣ್ಣ, ಹಗುರ ಬೀಜ ಬಿಡುತ್ತದೆ; ಗೋಧಿ ರಾಶಿಯಲ್ಲಿ ಸೇರಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಇದೇ ಕಳೆ ತಿನ್ನಲೆಂದು ಮೆಕ್ಸಿಕೊದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು.

ಮರುದಿನ ಎರಡೂ ಇಸವಿ ಬೋರ್ಡಿನ ಮೇಲೆ ಬರೆದು, ನಿನ್ನೆ ಹೇಳಿದ್ದು ಅಷ್ಟು ಖಚಿತವಲ್ಲ ಎಂದೆ. ಮಕ್ಕಳಿಗೆ ಖುಷಿಯೋ ಖುಷಿ, ಮಿಸ್ ತಪ್ಪು ಒಪ್ಪಿಕೊಂಡರಲ್ಲ! "ಹಾಗಾದ್ರೆ ಹೊರಗಿಂದ ಬಂದಿದ್ದೆಲ್ಲ ಕೆಟ್ಟದ್ದಾ ಮಿಸ್?" ಎಂದಳು ಹಿಂದಿನ ಬೆಂಚಿನ ಹುಡುಗಿ. ಪೋರ್ಚುಗೀಸರ ವ್ಯಾಪಾರದ ದಾರಿಯಲ್ಲಿ ಬಂದ ಮೆಣಸಿನಕಾಯಿಯೂ ಅಮೆರಿಕದ್ದೇ. ಅದಕ್ಕೆ ರೈತರ ಆರೈಕೆ ಬೇಕು. ಪಾರ್ಥೇನಿಯಂಗೆ ಬೇಡ, ಅದನ್ನು ತಿನ್ನುವ ತವರಿನ ಕೀಟಗಳೂ ಇಲ್ಲಿರಲಿಲ್ಲ. ಈ ಉತ್ತರ ಯಾವ ವಿಷಯದ್ದು ಅಂತ ನನಗಿನ್ನೂ ಗೊತ್ತಾಗಿಲ್ಲ.

ನಮ್ಮಲ್ಲಿ ವ್ಯಾಪಾರ ಎಂದರೆ ಸಮಾಜ ವಿಜ್ಞಾನದವರ ಭೂಪಟದ ಗೆರೆ, ಕಳೆ ಎಂದರೆ ವಿಜ್ಞಾನದವರ ಚಾರ್ಟು. ಬೋಧನಾಭ್ಯಾಸದ ಪಾಠಗಳಲ್ಲಿ ಒಂದನ್ನಾದರೂ ಎರಡೂ ವಿಷಯದ ಪ್ರಶಿಕ್ಷಣಾರ್ಥಿಗಳು ಕೂಡಿ ಯೋಜಿಸಿ, ಕೂಡಿ ಮಾಡಲು ಬಿಡಬೇಕು. ಷರಾ ಬರೆಯಲು ಎರಡೂ ವಿಭಾಗದ ಉಪನ್ಯಾಸಕರು ಒಟ್ಟಿಗೆ ಬಂದು ಹಿಂದೆ ಕೂರಲಿ.