ಶಾಲು ಹೊದಿಸಿದ್ದಾಯ್ತು, ಸಂಬಳದ ಮಾತು ಯಾವಾಗ?

ಪಾವಗಡ: ಮೊನ್ನೆ ಶನಿವಾರ, ಮಾರ್ಚ್ 8ರಂದು, ಬೆಳಗ್ಗೆಯಿಂದ ಸಂಜೆ ತನಕ ಮಹಿಳಾ ದಿನಾಚರಣೆಯ ಮೂರು ಕಾರ್ಯಕ್ರಮಗಳಿಗೆ ಸುದ್ದಿ ಮಾಡೋಕೆ ಹೋಗಿದ್ದೆ. ಮೂರೂ ಕಡೆ ಸೇರಿ ಮೂವತ್ತಕ್ಕೂ ಹೆಚ್ಚು ಶಾಲು ಹೊದಿಸಿದರು. ಏಲಕ್ಕಿ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲಾ ಇತ್ತು. ಶಾಲು ಮಾರೋ ಅಂಗಡಿಯವರೊಬ್ಬರು ನಗ್ತಾ ಹೇಳಿದ್ರು: "ವರ್ಷಕ್ಕೆ ಮೂರು ಸೀಸನ್ ಸಾರ್ ನಮಗೆ. ಟೀಚರ್ಸ್ ಡೇ, ರಾಜ್ಯೋತ್ಸವ, ಮಹಿಳಾ ದಿನಾಚರಣೆ."

ಸನ್ಮಾನ ಆದವರಲ್ಲಿ ನಮ್ಮ ಚಿಕ್ಕಮ್ಮನೂ ಇದ್ದರು. ಆಶಾ ಕಾರ್ಯಕರ್ತೆ. ರಾತ್ರಿ ಮನೆಗೆ ಹೋದರೆ ಆ ಶಾಲನ್ನ ಮಡಚಿ ಟ್ರಂಕಿಗೆ ಇಡ್ತಾ ಇದ್ರು. "ಇದು ಐದನೇದು ಕಣಪ್ಪ. ಒಂದನ್ನೂ ಹೊದ್ದುಕೊಂಡಿಲ್ಲ. ಯಾರಾದ್ರೂ ಕೊಂಡ್ಕೊತಾರಾ ಕೇಳು" ಅಂದ್ರು. ತಮಾಷೆಗೆ ಅಂದಿದ್ದು. ಆಮೇಲೆ ಒಲೆ ಮುಂದೆ ಕೂತು ಎರಡು ತಿಂಗಳದ್ದು ಇನ್ನೂ ಖಾತೆಗೆ ಬಿದ್ದಿಲ್ಲ ಅಂತ ಹೇಳಿದ್ದು ತಮಾಷೆಗಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ಡಿಗ್ರಿ ಎರಡನೇ ವರ್ಷಕ್ಕೆ ನಿಂತುಹೋಯ್ತು. ಆ ಎರಡು ವರ್ಷದ ಫೀಸು ಕಟ್ಟಿದ್ದು ಈ ಚಿಕ್ಕಮ್ಮನೇ. ಹಾಗಾಗಿ ಈ ಬರಹದಲ್ಲಿ ನಾನು ಮೂರನೆಯವನಲ್ಲ. ಆದರೆ ಪ್ರಶ್ನೆ ನಮ್ಮ ಮನೆಯದ್ದು ಮಾತ್ರ ಅಲ್ಲ. ನಾವು ಹೆಣ್ಣುಮಕ್ಕಳನ್ನ ಯಾವುದಕ್ಕೆ ಗೌರವಿಸ್ತೀವಿ, ಆ ಗೌರವದಿಂದ ಅವರಿಗೆ ಏನು ಬದಲಾಗುತ್ತೆ ಅನ್ನೋದು ನನ್ನ ಪ್ರಶ್ನೆ.

ಮೂರೂ ವೇದಿಕೆಯಲ್ಲಿ ಭಾಷಣ ಮಾಡಿದವರು ತಪ್ಪದೆ ತಗೊಂಡ ಹೆಸರು ಸೂಲಗಿತ್ತಿ ನರಸಮ್ಮ. ತಗೋಬೇಕಾದ್ದೇ. ನಮ್ಮದೇ ತಾಲ್ಲೂಕಿನ ಕೃಷ್ಣಾಪುರದವರು. 1920ರಲ್ಲಿ ಹುಟ್ಟಿದವರು, ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿ ಹತ್ತಿರ ಕಲಿತ ವಿದ್ಯೆ. ಇಪ್ಪತ್ತನೇ ವಯಸ್ಸಿಗೆ ಮೊದಲ ಹೆರಿಗೆ ಮಾಡಿಸಿದರು. ಆಮೇಲೆ ಸುಮಾರು 70 ವರ್ಷದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ. ಯಾರ ಹತ್ತಿರವೂ ದುಡ್ಡು ತಗೊಳ್ಳಲಿಲ್ಲ. ಇವತ್ತು ಇಲ್ಲಿ ಅಂಗಡಿ ಇಟ್ಟುಕೊಂಡು ಕೂತಿರೋ ಹಿರಿಯರಲ್ಲಿ ಎಷ್ಟು ಜನ ಅವರ ಕೈಗೆ ಬಂದ ಮಕ್ಕಳೋ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು, 98 ವರ್ಷ ಆಗಿತ್ತು.

ಲೆಕ್ಕ ಹಾಕಿ ನೋಡಿ. ಕೆಲಸ ಶುರುವಾಗಿದ್ದು 1940ರಲ್ಲಿ. ಪದ್ಮಶ್ರೀ ಬಂದಿದ್ದು 78 ವರ್ಷ ಆದಮೇಲೆ. ಆ 78 ವರ್ಷದ ಉದ್ದಕ್ಕೂ ಈ ಸೀಮೆಯಲ್ಲಿ ಹೆರಿಗೆ ಮಾಡಿಸೋರು ಬೇಕಾಗಿತ್ತು. ಬಸ್ಸಿಲ್ಲದ, ಡಾಕ್ಟರಿಲ್ಲದ ಊರುಗಳಲ್ಲಿ ಆ ಜಾಗವನ್ನ ಒಬ್ಬ ಹೆಂಗಸು ಬಿಟ್ಟಿಯಾಗಿ ತುಂಬಿದರು. ಅವರು ದುಡ್ಡು ಬೇಡ ಅಂದಿದ್ದು ಅವರ ದೊಡ್ಡತನ. ಕೊಡಬೇಕು ಅಂತ ಯಾರಿಗೂ ಅನಿಸದೇ ಇದ್ದಿದ್ದು ನಮ್ಮದು ಏನು?

ಈಗ ಆ ಕಾಲ ಇಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಅದೇ ವರ್ಷ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಅನ್ನೋ ಹುದ್ದೆ ಬಂತು, 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯ್ತು. ಒಳ್ಳೇದೇ ಆಯ್ತು. ಆದರೆ ಗರ್ಭಿಣಿಯನ್ನ ಆಸ್ಪತ್ರೆ ಬಾಗಿಲ ತನಕ ಕರ್ಕೊಂಡು ಹೋಗೋ ಕೈ ಇನ್ನೂ ಊರಿನ ಹೆಂಗಸಿನದ್ದೇ. ಹುದ್ದೆ ಅಂದೆನಲ್ಲ, ಅದೂ ತಪ್ಪು. ಕಾಗದದಲ್ಲಿ ಅವರು ಸ್ವಯಂಸೇವಕಿಯರು.

ಚಿಕ್ಕಮ್ಮನ ಕೆಲಸ ನಾನು ನೋಡಿದಷ್ಟು ಹೇಳ್ತೀನಿ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು ಆಶಾ. ಯಾರು ಬಸುರಿ ಅಂತ ಮೊದಲು ಗೊತ್ತಾಗಬೇಕಾದ್ದು ಇವರಿಗೆ, ಕೆಲವು ಸಲ ಅತ್ತೆಗಿಂತ ಮೊದಲು. ತಾಯಿ ಕಾರ್ಡು ಮಾಡಿಸಬೇಕು, ಕಬ್ಬಿಣದ ಮಾತ್ರೆ ನುಂಗಿದರಾ ಇಲ್ಲ ಹಿತ್ತಲಿಗೆ ಎಸೆದರಾ ನೋಡಬೇಕು, ನೋವು ಬಂದಾಗ ಜೊತೆಗೆ ಹೋಗಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆದಮೇಲೂ ಮುಗಿಯಲ್ಲ. ಮೂರನೇ ದಿನ, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಅಂತ ಆರು ಸಲ ಆ ಮನೆಗೆ ಹೋಗಿ ಮಗು ತೂಕ, ಜ್ವರ, ಹಾಲು ಕುಡಿಯೋದು ನೋಡಬೇಕು. ಆಮೇಲೆ ಲಸಿಕೆ. ನಡುನಡುವೆ ಕ್ಷಯ, ಡೆಂಗಿ, ಕುಷ್ಠರೋಗದ ಸರ್ವೆ. ಕೊರೊನಾದಲ್ಲಿ ನಾವೆಲ್ಲ ಬಾಗಿಲು ಹಾಕ್ಕೊಂಡಿದ್ದಾಗ ಬಾಗಿಲು ತಟ್ಟಿದವರು ಇವರೇ. ನಮ್ಮ ಬೀದಿಯಲ್ಲೇ ಕೆಲವರು ಒಳಗಿಂದಲೇ ಬೈದು ಕಳಿಸಿದ್ದು ನನಗೆ ನೆನಪಿದೆ.

ಇಷ್ಟಕ್ಕೆ 2025ರ ಆರಂಭದಲ್ಲಿ ರಾಜ್ಯ ಸರ್ಕಾರದಿಂದ ತಿಂಗಳಿಗೆ 5,000 ರೂಪಾಯಿ ಗೌರವಧನ ಇತ್ತು, ಕೇಂದ್ರದಿಂದ ಕೆಲಸದ ಲೆಕ್ಕದಲ್ಲಿ ಪ್ರೋತ್ಸಾಹಧನ. ಈ ಎರಡನೇದರಲ್ಲೇ ತಕರಾರು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಎಂಟ್ರಿ ಆಗಬೇಕು, ಆಗದಿದ್ದರೆ ದುಡ್ಡಿಲ್ಲ. ಅವರು ಆರು ಸಲ ನಡೆದಿರ್ತಾರೆ, ಕಂಪ್ಯೂಟರ್ ನಾಲ್ಕೇ ಸಲ ಅನ್ನುತ್ತೆ. ಗೌರವಧನ ಅನ್ನೋ ಪದವನ್ನೇ ಗಮನಿಸಿ. ಇದು ಸಂಬಳ ಅಲ್ಲ. ಸಂಬಳ ಅಂದರೆ ಕನಿಷ್ಠ ಕೂಲಿ ಕಾನೂನು ಬರುತ್ತೆ, ಪಿಎಫ್ ಬರುತ್ತೆ, ರಜೆ ಬರುತ್ತೆ. ಗೌರವ ಅಂದರೆ ಅದ್ಯಾವುದೂ ಬರಲ್ಲ. ಒಂದು ಪದದಲ್ಲಿ ಎಷ್ಟು ಉಳಿತಾಯ ನೋಡಿ.

ಹೊಗಳಿಕೆಗೆ ಕೊರತೆ ಆಗಿಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಅಷ್ಟು ದೊಡ್ಡ ಸನ್ಮಾನ ಆಗಿ ಮೂರು ವರ್ಷ ತುಂಬೋ ಮೊದಲೇ, 2025ರ ಜನವರಿ 7ರಿಂದ 10ರವರೆಗೆ, ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿದರು. ಬೇಡಿಕೆ ತಿಂಗಳಿಗೆ 15,000. ನಮ್ಮ ಚಿಕ್ಕಮ್ಮನೂ ಹೋಗಿದ್ದರು. ಶಕ್ತಿ ಯೋಜನೆ ಇದ್ದಿದ್ದಕ್ಕೆ ಬಸ್ ಚಾರ್ಜ್ ಉಳಿಯಿತು ಅಂತ ಈಗಲೂ ನಗ್ತಾರೆ. ನಾಲ್ಕನೇ ದಿನ ಮುಖ್ಯಮಂತ್ರಿ ಜೊತೆ ಮಾತುಕತೆ ಆಗಿ, ಗೌರವಧನ ಪ್ರೋತ್ಸಾಹಧನ ಎರಡೂ ಸೇರಿ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಸಿಗೋ ಹಾಗೆ ಮಾಡ್ತೀವಿ, ಕಡಿಮೆ ಬಿದ್ದರೆ ಸರ್ಕಾರ ತುಂಬುತ್ತೆ ಅನ್ನೋ ಭರವಸೆ ಸಿಕ್ಕಿತು. ಧರಣಿ ಎದ್ದಿತು.

ಅಂಗನವಾಡಿಯವರ ಕಥೆಯೂ ಇದೇ ದಾರಿಯದ್ದು. 1975ರಲ್ಲಿ ದೇಶದಲ್ಲಿ ಶುರುವಾದ ಯೋಜನೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇವರೂ ಗ್ರಾಚ್ಯುಟಿಗೆ ಅರ್ಹರು ಅಂತ ಹೇಳಿತು. 2025ರ ಮಾರ್ಚ್ 7ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಜಾಸ್ತಿ ಮಾಡಿದ್ದಾರೆ. ಇದು ಶಾಲಿಗಿಂತ ಒಳ್ಳೆ ಸುದ್ದಿ.

ಹಾಗಂತ ಸನ್ಮಾನವೇ ಬೇಡ ಅಂತ ನಾನು ಹೇಳ್ತಿಲ್ಲ. ಒಂದು ಉದಾಹರಣೆ ಇದೆ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಮದುವೆಯಾಗಿ ಹೋಗಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು 385. 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ. ಪದ್ಮಶ್ರೀ ಬಂದ ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡೋಕೆ ಆ ಮರಗಳಿಗೇ ಕೊಡಲಿ ಬೀಳೋ ಹಾಗಾಯ್ತು. ತಿಮ್ಮಕ್ಕ ಮುಖ್ಯಮಂತ್ರಿ ತನಕ ಹೋದರು. ಮರ ಉಳಿಸಿ, ಬೇರೆ ದಾರಿ ನೋಡಿ ಅಂತ ಸರ್ಕಾರ ಹೇಳಬೇಕಾಯ್ತು. ನನ್ನ ಲೆಕ್ಕದಲ್ಲಿ ಅವರಿಗಾದ ನಿಜವಾದ ಸನ್ಮಾನ ಅದು. ಯಾಕಂದ್ರೆ ಅದಕ್ಕೆ ಸರ್ಕಾರಕ್ಕೆ ಏನೋ ಖರ್ಚಾಯ್ತು, ನಕ್ಷೆ ತಿದ್ದಬೇಕಾಯ್ತು. ಶಾಲಿಗೆ ಯಾರೂ ನಕ್ಷೆ ತಿದ್ದಲ್ಲ.

ಅದೇ ರೀತಿ ಅಂಕೋಲೆಯ ತುಳಸಿ ಗೌಡರನ್ನ ನೋಡಿ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ ಫೋಟೋ ನಮ್ಮೆಲ್ಲರ ಸ್ಟೇಟಸ್‌ನಲ್ಲಿ ಓಡಾಡಿತ್ತು. ಅರಣ್ಯ ಇಲಾಖೆ ನರ್ಸರಿಯಲ್ಲಿ ಅವರು ದಶಕಗಟ್ಟಲೆ ದಿನಗೂಲಿ ಆಗಿದ್ದರು ಅನ್ನೋದು ಸ್ಟೇಟಸ್‌ನಲ್ಲಿ ಇರಲಿಲ್ಲ.

ಇನ್ನು ಅಧಿಕಾರದ ವಿಷಯ. ಹೆಣ್ಣುಮಕ್ಕಳಿಗೆ ಪಂಚಾಯ್ತಿಯಲ್ಲಿ ಜಾಗ ಕೊಟ್ಟಿದ್ದರಲ್ಲಿ ಕರ್ನಾಟಕ ಮುಂದೆ ಇತ್ತು. ದೇಶಕ್ಕೆ ಕಾನೂನು ಬರೋ ಮೊದಲೇ, 1987ರ ಚುನಾವಣೆಯಲ್ಲೇ ಇಲ್ಲಿ ಕಾಲು ಭಾಗ ಮೀಸಲು. ಈಗ ಅರ್ಧ. ಮೊನ್ನೆಯ ಒಂದು ಕಾರ್ಯಕ್ರಮದಲ್ಲಿ ನಿರೂಪಕರು "ಅಧ್ಯಕ್ಷರ ಯಜಮಾನರು ವೇದಿಕೆಗೆ ಬರಬೇಕು" ಅಂತ ಕರೆದರು. ಅವರು ಬಂದು ಕೂತರು. ಅಧ್ಯಕ್ಷೆ ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಮಗು ಮಲಗಿಸ್ಕೊಂಡಿದ್ರು. ಯಾರೂ ನಗಲಿಲ್ಲ, ಯಾರಿಗೂ ವಿಚಿತ್ರ ಅನಿಸಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಯಲ್ಲಂತೂ ಆ ಯಜಮಾನ್ರ ಕಾಟವೂ ಇಲ್ಲ. 2016ರಲ್ಲಿ ಆದ ಚುನಾವಣೆಯೇ ಕೊನೆ, 2021ಕ್ಕೆ ಅವಧಿ ಮುಗೀತು, 2025ರ ಮಾರ್ಚ್ ತನಕ ಮತ್ತೆ ಚುನಾವಣೆ ಆಗಿರಲಿಲ್ಲ. ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಿದೆ. ಸೀಟೇ ಖಾಲಿ ಇದ್ದರೆ ಅರ್ಧ ಎಷ್ಟಾಗುತ್ತೆ?

ಅಂಗಡಿಯವರಿಗೆ ಇದರಿಂದ ಏನು ಅಂತ ಕೇಳಬಹುದು. ಗೃಹಲಕ್ಷ್ಮಿ ದುಡ್ಡು ಬಿದ್ದ ವಾರ ಬಜಾರ್ ಹೇಗಿರುತ್ತೆ, ಬೀಳದ ತಿಂಗಳು ಹೇಗಿರುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೌರವಧನವೂ ಹಾಗೇ. ಅದು ತಡವಾದ ತಿಂಗಳು ಅಕ್ಕಿ, ಎಣ್ಣೆ, ಸೋಪು ನಿಮ್ಮ ಸಾಲದ ಪುಸ್ತಕದಲ್ಲಿ ಕೂರುತ್ತೆ. ಅಂದರೆ ಸರ್ಕಾರ ಉಳಿಸಿದ ಬಡ್ಡಿಯನ್ನ ಕಟ್ಟುತ್ತಿರೋದು ಆಶಾ ಅಕ್ಕ ಅರ್ಧ, ಮೂಲೆ ಅಂಗಡಿಯವರು ಅರ್ಧ. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಚಿಕ್ಕಮ್ಮನ ಹೆಸರಿಗೆ ಒಂದು ಪುಟವೇ ಇದೆ. ಅಂಗಡಿಯಮ್ಮ ಒಂದು ದಿನವೂ ಜೋರು ಮಾಡಿ ಕೇಳಿಲ್ಲ. "ನನ್ನ ಮೊಮ್ಮಗಳ ಹೆರಿಗೆಗೆ ರಾತ್ರಿ ಎರಡು ಗಂಟೆಗೆ ಎದ್ದು ಬಂದವಳು, ಅವಳ ಹತ್ತಿರ ಏನು ಜಗಳ" ಅಂತಾರೆ. ಮಹಿಳಾ ದಿನಾಚರಣೆಗೆ ಅವರನ್ನ ಯಾರೂ ಕರೆದಿರಲಿಲ್ಲ.

ಮುಂದಿನ ವರ್ಷ ಕಾರ್ಯಕ್ರಮ ಮಾಡೋ ಸಂಘಗಳಿಗೆ ಒಂದೇ ಕೋರಿಕೆ. ವೇದಿಕೆ ಮೇಲೆ ಶಾಸಕರೋ, ಅಧಿಕಾರಿಗಳೋ ಇರ್ತಾರೆ, ಮೈಕೂ ಇರುತ್ತೆ. ಸನ್ಮಾನ ಆದಮೇಲೆ ಆ ಮೈಕನ್ನ ಐದು ನಿಮಿಷ ಸನ್ಮಾನಿತರ ಕೈಗೆ ಕೊಡಿ. ಧನ್ಯವಾದ ಹೇಳೋಕಲ್ಲ, ಬಾಕಿ ಎಷ್ಟಿದೆ ಅಂತ ಹೇಳೋಕೆ. ಮೊನ್ನೆ ಮೂರು ಕಾರ್ಯಕ್ರಮದಲ್ಲೂ ಅವರಲ್ಲಿ ಒಬ್ಬರಿಗೂ ಮೈಕ್ ಸಿಗಲಿಲ್ಲ. ಟೈಮ್ ಆಗಿತ್ತಂತೆ, ಊಟ ಆರುತ್ತಿತ್ತಂತೆ.

ಏಪ್ರಿಲ್‌ಗೆ ಇನ್ನು ಮೂರು ವಾರ. ಹತ್ತು ಸಾವಿರ ಬರುತ್ತಾ ಅಂತ ಚಿಕ್ಕಮ್ಮನನ್ನ ಕೇಳಿದೆ. "ಬಂದ್ರೆ ಮೊದಲು ಅಂಗಡಿ ಪುಟ ಹರಿಸ್ತೀನಿ. ನೀನು ಸುದ್ದಿ ಈಗಲೇ ಬರೀಬೇಡ, ಮೇ ತಿಂಗಳಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದಮೇಲೆ ಬರಿ" ಅಂದ್ರು. ಅವರ ಮಾತು ಮೀರಿ ಈಗ ಬರೆದಿದ್ದೀನಿ. ಮೇ ತಿಂಗಳಲ್ಲಿ ಪಾಸ್‌ಬುಕ್ ನೋಡಿ ಮತ್ತೆ ಬರೀತೀನಿ.