‘ಇಷ್ಟ ಸಾಕ್ರೀ’ ಅನ್ನುವವರಿಗೆ

ಇಳಕಲ್ಲಿನ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳ ಇಂಗ್ಲಿಷ್ ಉತ್ತರಪತ್ರಿಕೆ ನೋಡಿದೆ. ಗೆಳತಿಗೆ ಪತ್ರ ಬರೆಯುವ ಪ್ರಶ್ನೆ. ಗೈಡಿನ ಪತ್ರ ಬಿಟ್ಟು ಅವಳು ಮನೆಯ ಮಗ್ಗದ ಬಗ್ಗೆ ಬರೆದಿದ್ದಳು: ‘ಮೈ ಮದರ್ ವೀವ್ ಸ್ಯಾರಿ. ಸೆರಗು ಜಾಯಿನ್ ವೆರಿ ಡಿಫಿಕಲ್ಟ್.’ ಉದ್ದಕ್ಕೂ ಕೆಂಪು ಗೀಟು, 5ಕ್ಕೆ 1. ಗೈಡನ್ನೇ ಇಳಿಸಿದ ಪಕ್ಕದವಳಿಗೆ 5ಕ್ಕೆ 5.

ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೂಡಿಸುವುದು ಎಷ್ಟು ಕಷ್ಟವೆಂದು ಗೈಡ್ ಬರೆದವನಿಗೆ ಗೊತ್ತೇ? ಇಬ್ಬರಲ್ಲಿ ಇಂಗ್ಲಿಷ್ ಬಳಸಿದವಳು ಯಾರು?

2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಹತ್ತು ವರ್ಷ ಕಲಿಸಿ ಕೊನೆಗೆ ಕೈಗಿಡುವುದು ‘ಪಾಸಿಂಗ್ ಪ್ಯಾಕೇಜ್’: ಬಾಯಿಪಾಠದ ಪದ್ಯ, ಒಂದು ಪತ್ರ, ನಾಲ್ಕು ಪ್ರಬಂಧ. ‘ನಮ್ಮ ಹುಡುಗರಿಗೆ ಇಷ್ಟ ಸಾಕ್ರೀ’ ಅನ್ನುತ್ತಾರೆ ಮಾಸ್ತರು. ಅವರ ತಲೆಯ ಮೇಲೂ ಫಲಿತಾಂಶದ ಕತ್ತಿ ತೂಗುತ್ತಿದೆ, ಒಪ್ಪುತ್ತೇನೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಸರ್ಕಾರವೇ ಕೃಪಾಂಕ ಹೆಚ್ಚಿಸಿತಲ್ಲ!

ಆದರೆ 100ರಲ್ಲಿ 20 ಆಂತರಿಕ ಅಂಕ ಶಾಲೆಯ ಕೈಯಲ್ಲೇ ಇವೆ. ಅವನ್ನು ಸಾರಾಸಗಟಾಗಿ ಹಂಚುವ ಬದಲು, ಮಕ್ಕಳು ತಮ್ಮ ಓಣಿಯ ಬಗ್ಗೆ ಸ್ವಂತವಾಗಿ ಆಡುವ ಹತ್ತು ತಪ್ಪು ವಾಕ್ಯಕ್ಕೆ ಕೊಡಿ.

ಆ ಹುಡುಗಿ ಮುಂದಿನ ಪರೀಕ್ಷೆಯಲ್ಲಿ ಗೈಡಿನ ಪತ್ರ ಬರೆದಳು. 5ಕ್ಕೆ 5 ಬಂತಂತೆ.