ಜೆರ್ಸಿ ಸಾಕು, ಜಾಗ ಕೇಳಿ

ತಾವರೆಕೆರೆ ಅಂದ್ರೆ ಆಫೀಸಿನಲ್ಲಿ ಅರ್ಧ ಜನಕ್ಕೆ ಡೈರಿ ಸರ್ಕಲ್ ಪಕ್ಕದ್ದು, ಇನ್ನರ್ಧ ಜನಕ್ಕೆ ಮಾಗಡಿ ರೋಡಿನದ್ದು. ನಾನು ಹೇಳ್ತಿರೋದು ಅವೆರಡೂ ಅಲ್ಲ. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಹೈವೇ ಮೇಲೆ ಸಿಗುತ್ತಲ್ಲ, ಆ ತಾವರೆಕೆರೆ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗೋರು ನಿದ್ದೆಯಲ್ಲೇ ಅದನ್ನ ನೂರು ಸಲ ದಾಟಿರ್ತಾರೆ.

ಆ ಸೀಮೆಯಲ್ಲಿ ಕ್ರಿಕೆಟ್ ಸೀಸನ್ ಶುರುವಾಗೋದು ಬಿಸಿಸಿಐ ಹೇಳಿದಾಗಲ್ಲ, ಕಡ್ಲೆಕಾಯಿ ಗಿಡ ಕಿತ್ತಾಗ. ಮಳೆಗಾಲದ ಬೆಳೆ ಮನೆಗೆ ಬಂದು ಹೊಲ ಖಾಲಿಯಾಗಬೇಕು. ಆಮೇಲೆ ಹುಡುಗರು ಕೂಳೆ ಕಿತ್ತು, ನೀರು ಚಿಮುಕಿಸಿ, ಕಣ ಮಾಡೋ ಹಾಗೇ ರೋಣಗಲ್ಲು ಎಳೆದು ಪಿಚ್ ಮಾಡ್ತಾರೆ. ಹೊಲ ಸಿಗದಿದ್ದರೆ ಕೆರೆ ಅಂಗಳ. ಅಲ್ಲಿ ಬಳ್ಳಾರಿ ಜಾಲಿ ಕಡಿದು, ಮುಳ್ಳು ಆರಿಸಿ, ಸುಣ್ಣದಲ್ಲಿ ಬೌಂಡರಿ ಎಳೀಬೇಕು. ಒಳ್ಳೆ ಮಳೆಯಾಗಿ ಕೆರೆ ತುಂಬಿತೋ, ಊರಿಗೆಲ್ಲ ಹಬ್ಬ, ಟೀಮಿಗೆ ಮಾತ್ರ ಗ್ರೌಂಡೇ ಇಲ್ಲ. ಬರ ಬಂದರೆ ಮಾತ್ರ ಆಡೋಕೆ ಜಾಗ ಸಿಗೋ ಕ್ರೀಡೆ ಪ್ರಪಂಚದಲ್ಲಿ ಇನ್ಯಾವುದಿದೆಯೋ ನನಗಂತೂ ಗೊತ್ತಿಲ್ಲ.

ಇಂಥ ಸೀಸನ್ನಿನ ಮೊದಲ ಮ್ಯಾಚಿಗೆ ಬೆಂಗಳೂರಿನಲ್ಲಿರೋ ನಮ್ಮಿಂದ ಹೋಗೋದೇನು? ಜೆರ್ಸಿ. ಬೆನ್ನ ಮೇಲೆ ಹೆಸರು, ಎದೆ ಮೇಲೆ ಸ್ಪಾನ್ಸರ್ ಮಾಡಿದ ಅಣ್ಣನ ಹೆಸರು. ಜೊತೆಗೆ ಫ್ಲೆಕ್ಸು, ಮೈಕ್ ಸೆಟ್ಟು, ಆಳೆತ್ತರದ ಕಪ್ಪು. ಟಾಸ್‌ಗೆ ಮುಂಚೆ ಲೀಡರ್ ಒಬ್ಬರು ಬಂದು, ಬಿಳಿ ಪಂಚೆ ಎತ್ತಿಕಟ್ಟಿ ಒಂದು ಬಾಲ್ ಆಡ್ತಾರೆ. ಬೌಲರ್ ಪಾಪ ಮೆತ್ತಗೆ ಎಸೀತಾನೆ. ಫೋಟೋ ಆಗುತ್ತೆ. ನಾವು ಇಲ್ಲಿ ಕೂತು ಅದನ್ನ ಸ್ಟೇಟಸ್‌ಗೆ ಹಾಕಿಕೊಂಡು 'ಮಣ್ಣಿನ ಪ್ರತಿಭೆ' ಅಂತ ಬರೀತೀವಿ. ಇದನ್ನೇ ನಾನು ಬೇಡ ಅನ್ನೋದು.

ಯಾಕೆ ಅಂದ್ರೆ, ಆ ಹೊಲ ಯಾರದ್ದೋ ಒಬ್ಬರದ್ದು. ಹೊಲ ಇನ್ನೊಬ್ಬರದ್ದಾದಾಗ ಆಟವೂ ಅವರ ಮರ್ಜಿ. ಹೊಲದ ಯಜಮಾನರ ಮಗ ಔಟಾದರೂ ಔಟಲ್ಲ ಅನ್ನೋ ಜೋಕು ಎಲ್ಲಾ ಊರಲ್ಲೂ ಇದೆ, ಅದು ಜೋಕೇ ಅಲ್ಲ. ಕಾಲೋನಿ ಹುಡುಗರನ್ನ ಯಾವ ಸಾಲಲ್ಲಿ ಆಡಿಸಬೇಕು, ಹಟ್ಟಿಯವರ ಟೀಮನ್ನ ಕರೀಬೇಕಾ ಬೇಡ್ವಾ, ಇದೆಲ್ಲ ತೀರ್ಮಾನ ಆಗೋದು ಪಹಣಿಯ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ಅನ್ನೋದರ ಮೇಲೆ. ಯಾರೂ ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. 'ಕ್ರಿಕೆಟ್ ಎಲ್ಲರನ್ನೂ ಒಂದು ಮಾಡುತ್ತೆ' ಅನ್ನೋ ಮಾತು ಟೀವಿಯಲ್ಲಿ ಚೆನ್ನಾಗಿ ಕೇಳುತ್ತೆ. ಹುಡುಗಿಯರ ವಿಷಯಕ್ಕೆ ಬಂದರೆ ಇನ್ನೂ ಕಷ್ಟ: ಇನ್ನೊಬ್ಬರ ಹೊಲಕ್ಕೆ, ಕೆರೆ ಅಂಗಳದ ಜಾಲಿ ಮಧ್ಯಕ್ಕೆ ಯಾವ ತಾಯಿ ಮಗಳನ್ನ ಆಡೋಕೆ ಕಳಿಸ್ತಾಳೆ? ಕಡೂರಿನ ವೇದಾ ಕೃಷ್ಣಮೂರ್ತಿ ಇಂಡಿಯಾಗೆ ಆಡಿದರು, ನಿಜ. ಅದಕ್ಕೆ ಅವರು ಚಿಕ್ಕ ವಯಸ್ಸಿಗೇ ಬೆಂಗಳೂರಿಗೆ ಬಂದು ಕಲೀಬೇಕಾಯ್ತು ಅನ್ನೋದೂ ಅಷ್ಟೇ ನಿಜ.

ಈಗ ಯಾರಾದರೂ ಕೇಳೇ ಕೇಳ್ತಾರೆ, 'ಕುಡಿಯೋಕೆ ನೀರಿಲ್ಲದ ತಾಲ್ಲೂಕಿಗೆ ಗ್ರೌಂಡ್ ಯಾಕಪ್ಪ?' ಅಂತ. 2020ರ ಶಿರಾ ಉಪಚುನಾವಣೆ ಪೂರ್ತಿ ಮದಲೂರು ಕೆರೆಗೆ ನೀರು ಹರಿಸೋ ಮಾತಿನ ಮೇಲೇ ನಡೀತು, ನಡೀಬೇಕಾದ್ದೇ. ಆದರೆ ನೀರು ಕೇಳಿದವರು ಮೈದಾನ ಕೇಳಬಾರದು ಅಂತ ಎಲ್ಲಿದೆ? ಹೇಮಾವತಿಯನ್ನ ಶಿರಾಕ್ಕೆ ತರೋಕೆ ನೂರಾರು ಕಿಲೋಮೀಟರ್ ನಾಲೆ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ಮೈದಾನಕ್ಕೆ ಬೇಕಾಗಿರೋದು ಸುಮಾರು 3 ಎಕರೆ. ಲೆಕ್ಕ ಹಾಕಿ ನೋಡಿ, 60 ಮೀಟರ್ ಬೌಂಡರಿ ಅಂದ್ರೆ 3 ಎಕರೆಗೂ ಸ್ವಲ್ಪ ಕಮ್ಮೀನೇ.

ಜಾಗ ಇಲ್ಲ ಅನ್ನೋ ಮಾತಂತೂ ಹೇಳಲೇಬೇಡಿ. ಪಕ್ಕದ ಪಾವಗಡದಲ್ಲಿ, ತಿರುಮಣಿ ಸುತ್ತಮುತ್ತಲ ಐದು ಊರುಗಳಲ್ಲಿ, ಸೋಲಾರ್ ಪಾರ್ಕಿಗೆ ಅಂತ ಸುಮಾರು 13,000 ಎಕರೆ ಒಂದುಗೂಡಿಸಿದ್ದಾರೆ. ರೈತರ ಜಮೀನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗೋ ಬಾಡಿಗೆ ಗೊತ್ತು ಮಾಡಿ, ಅಗ್ರಿಮೆಂಟ್ ಬರೆದು ತಗೊಂಡರು. ಅದರಲ್ಲಿ ತಪ್ಪಿದೆಯಾ ಒಪ್ಪಿದೆಯಾ ಅನ್ನೋದು ಬೇರೆ ಜಗಳ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಸಾವಿರಾರು ಸರ್ವೆ ನಂಬರು ಹುಡುಕಿ, ಅಳೆದು, ಕಾಗದ ಮಾಡೋಕೆ ಬರುತ್ತೆ ಅನ್ನೋದಂತೂ ಗೊತ್ತಾಯ್ತಲ್ಲ.

ಕಾನೂನು ಕೂಡ ಅಡ್ಡ ಇಲ್ಲ. 1964ರ ಭೂ ಕಂದಾಯ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿ ಸರ್ಕಾರಿ ಜಮೀನನ್ನ ಸಾರ್ವಜನಿಕ ಕೆಲಸಕ್ಕೆ ಅಂತ ಕಾಯ್ದಿರಿಸಬಹುದು. ದನ ಮೇಯೋ ಗೋಮಾಳಕ್ಕೆ ಕೈ ಹಾಕಿ ಅಂತ ನಾನು ಹೇಳ್ತಿಲ್ಲ, ಕುರಿ ಕಾಯೋರ ಶಾಪ ನಮಗೆ ಬೇಡ. ಖರಾಬು, ಒತ್ತುವರಿ ಬಿಡಿಸಿದ ಜಾಗ, ಶಾಲೆಯ ಹಿಂದಿನ ಜಾಗ, ಹೀಗೆ ಹುಡುಕಿದರೆ ಸಿಗುತ್ತೆ. ಹುಡುಕಿ ಅಂತ ಯಾರೂ ಅರ್ಜಿ ಕೊಟ್ಟಿಲ್ಲ, ಕಥೆ ಇಷ್ಟೇ.

ಇಂಗ್ಲೆಂಡಿನಲ್ಲಿ ಲಿಂಟ್ಜ್ ಅಂತ ಒಂದು ಹಳ್ಳಿ, ಡರ್ಹಮ್ ಕಡೆ. ಅಲ್ಲಿನ ಟೀಮು ಒಂದೇ ಮೈದಾನದಲ್ಲಿ ಸುಮಾರು 70 ವರ್ಷ ಆಡಿಕೊಂಡು ಬಂದಿತ್ತು. ಪಕ್ಕದಲ್ಲಿ ಹೊಸ ಮನೆಗಳು ಎದ್ದವು, ಸಿಕ್ಸರ್‌ಗಳು ಅಂಗಳಕ್ಕೆ ಬೀಳತೊಡಗಿದವು, ಮನೆಯವರು ಕೋರ್ಟಿಗೆ ಹೋದರು. 1977ರಲ್ಲಿ ಮೇಲ್ಮನವಿ ಕೋರ್ಟು ಆಟ ನಿಲ್ಲಿಸೋಕೆ ಒಪ್ಪಲಿಲ್ಲ, ಪರಿಹಾರ ಕೊಟ್ಟು ಆಡಿ ಅಂತು. ಅದೇ ದೇಶದಲ್ಲಿ 1972ರಿಂದ ಹಳ್ಳಿ ತಂಡಗಳಿಗೆ ಅಂತಲೇ ಒಂದು ಟೂರ್ನಮೆಂಟ್ ಇದೆ, ಫೈನಲ್ ಲಾರ್ಡ್ಸ್‌ನಲ್ಲಿ. ಬ್ರಿಟಿಷರನ್ನ ಹೊಗಳೋ ಚಟ ನನಗಿಲ್ಲ. ಆದರೆ ನಾವು ಅವರಿಂದ ಎಲ್‌ಬಿಡಬ್ಲ್ಯೂ ನಿಯಮವನ್ನೆಲ್ಲ ಬಾಯಿಪಾಠ ಮಾಡಿದೆವು, ಊರಿಗೊಂದು ಮೈದಾನ ಅನ್ನೋದನ್ನ ಮಾತ್ರ ಬಿಟ್ಟುಬಿಟ್ಟೆವು.

ನಮಗೇನು ಕಮ್ಮಿ? ಶನಿವಾರ ರಾತ್ರಿ ಹನ್ನೊಂದಕ್ಕೆ ಫ್ಲಡ್‌ಲೈಟ್ ಕೆಳಗೆ, ಗಂಟೆಗೆ ಸಾವಿರ ಚಿಲ್ಲರೆ ಕೊಟ್ಟು, ಬಲೆ ಕಟ್ಟಿದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡ್ತೀವಿ. ಬುಕಿಂಗ್ ಕನ್ಫರ್ಮ್ ಆಗದಿದ್ದರೆ ಕಸ್ಟಮರ್ ಕೇರ್ ಜೊತೆ ಅರ್ಧ ಗಂಟೆ ವಾದ ಮಾಡ್ತೀವಿ. ಆ ವಾದ ಮಾಡೋ ಬಾಯನ್ನ ಊರ ಗ್ರಾಮಸಭೆಗೆ ಒಂದು ಸಲ ತಗೊಂಡು ಹೋಗಿ. ಊರಿನ ಹುಡುಗರಿಗೆ ತಾಲ್ಲೂಕು ಆಫೀಸಿನ ಮೆಟ್ಟಿಲು ಹತ್ತೋಕೆ ಹೆದರಿಕೆ. ನಮಗೆ ಹೆದರಿಕೆ ಇಲ್ಲ, ಆದರೆ ಪುರುಸೊತ್ತಿಲ್ಲ ಅಂತೀವಿ. ಜೆರ್ಸಿಯ ಡಿಸೈನ್ ಬಗ್ಗೆ ವಾಟ್ಸಾಪಿನಲ್ಲಿ ಇನ್ನೂರು ಮೆಸೇಜ್ ಹಾಕೋಕೆ ಪುರುಸೊತ್ತು ಎಲ್ಲಿಂದ ಬರುತ್ತೋ!

ಈ ಸಲ ಊರಿಂದ ಫೋನ್ ಬಂದು 'ಅಣ್ಣ, ಒಂದು ಸೆಟ್ ಡ್ರೆಸ್ ಕೊಡ್ಸಣ್ಣ' ಅಂದರೆ, ಕೊಡ್ಸಲ್ಲ ಅನ್ನಿ. ಬೈದುಕೊಳ್ಳಲಿ. ಅದೇ ದುಡ್ಡಲ್ಲಿ ಒಂದು ದಿನ ರಜೆ ಹಾಕಿ ಹೋಗಿ, ಸರ್ಕಾರಿ ಜಾಗದ ಪಹಣಿ ತೆಗೆಸಿ, ಪಂಚಾಯ್ತಿಗೆ ಒಂದು ಅರ್ಜಿ, ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಿರಿ. ಸಹಿ ಹಾಕೋಕೆ ಹನ್ನೊಂದು ಜನ ಹೆಂಗೂ ಇದ್ದಾರೆ. ಕಾಲೋನಿ ಟೀಮಿನ ಹನ್ನೊಂದೂ, ಹಟ್ಟಿಯ ಹನ್ನೊಂದೂ ಸೇರಿಸಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಮಾತ್ರ ಆಫೀಸಿನಿಂದ ಆಚೆ ಬರಬೇಡಿ.